ಕಂಚಿನವನ ಕೈಯಲ್ಲಿ ಲೆ ಮಾನ್!

2023ರ ಜೂನ್. ಶನಿವಾರ ಸಂಜೆ ನಾಲ್ಕು ಗಂಟೆ. ಫ್ರಾನ್ಸ್‌ನ ಲೆ ಮಾನ್ ಪಟ್ಟಣದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದಾರೆ. 1923ರಲ್ಲಿ ಶುರುವಾದ ರೇಸ್‌ಗೆ ನೂರು ತುಂಬಿದ ಸಡಗರ ಬೇರೆ. 62 ಕಾರುಗಳು ಗುಡುಗುತ್ತ ಹೊರಡುತ್ತವೆ. ನಿಲ್ಲುವುದು ಮರುದಿನ ಸಂಜೆ ನಾಲ್ಕಕ್ಕೆ! ಹಗಲು, ಇರುಳು, ಮತ್ತೆ ಹಗಲು, 13.626 ಕಿಲೋಮೀಟರಿನ ಹಾದಿಯಲ್ಲಿ ಸುತ್ತಿದ್ದೇ ಸುತ್ತಿದ್ದು. ಈ ಕಾರುಗಳ ಒಳಗಿರುವವರೆಲ್ಲ ಹಾಲುಹಲ್ಲು ಬೀಳುವ ಮೊದಲೇ ಗೋ-ಕಾರ್ಟ್ ಹತ್ತಿದ, ರೇಸ್ ಬಿಟ್ಟರೆ ಬೇರೆ ಕಸುಬೇ ಗೊತ್ತಿಲ್ಲದ ಶೂರರು ಎಂದುಕೊಂಡಿರಾ? ಹಾಗಾದರೆ ಈ ಲೆಕ್ಕ ಕೇಳಿ. ಆ 62ರಲ್ಲಿ 21 ಕಾರುಗಳು ಹವ್ಯಾಸಿಯೊಬ್ಬ ಸ್ಟಿಯರಿಂಗ್ ಹಿಡಿಯದೆ ಸ್ಪರ್ಧೆಗೆ ಇಳಿಯುವಂತೆಯೇ ಇರಲಿಲ್ಲ. ನಿಯಮವೇ ಹಾಗೆ!

ಹೌದು, ಜಗತ್ತಿನ ಅತಿ ಕಠಿಣ ರೇಸ್‌ಗಳಲ್ಲೊಂದು ತನ್ನ ಬಾಗಿಲನ್ನು ಹವ್ಯಾಸಿಗಳಿಗೆ ತೆರೆದಿಟ್ಟಿದೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ, ಅಂದರೆ ಎಫ್‌ಐಎ, ಎಂಡ್ಯೂರೆನ್ಸ್ ರೇಸ್‌ಗಳ ಚಾಲಕರನ್ನು ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ನಾಲ್ಕು ದರ್ಜೆಗೆ ಹಾಕುತ್ತದೆ. ಫಾರ್ಮುಲಾ ಒನ್‌ನಿಂದ ಬಂದವರು, ಕಾರ್ ಕಂಪನಿಗಳ ಸಂಬಳದ ಚಾಲಕರು ಮೇಲಿನ ದರ್ಜೆಯಲ್ಲಿ. ತಡವಾಗಿ ರೇಸ್‌ಗೆ ಬಂದು, ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಇಟ್ಟುಕೊಂಡವರು ಸಾಮಾನ್ಯವಾಗಿ ಕಂಚಿನಲ್ಲಿ. ಪೋರ್ಷೆ, ಫೆರಾರಿ, ಆಸ್ಟನ್ ಮಾರ್ಟಿನ್‌ನಂಥ ಕಾರುಗಳು ಓಡುವ ಜಿಟಿ ವಿಭಾಗದಲ್ಲಿ ಮೂವರು ಚಾಲಕರ ತಂಡಕ್ಕೆ ಒಬ್ಬ ಕಂಚಿನವ ಕಡ್ಡಾಯ. 2024ರಿಂದ ಆ ವಿಭಾಗದ ಜಾಗಕ್ಕೆ ಎಲ್‌ಎಂಜಿಟಿ3 ಬಂತು. ಕಂಚಿನ ಕಟ್ಟಳೆ ಮಾತ್ರ ಬದಲಾಗಲಿಲ್ಲ. ಕಂಚಿನವನನ್ನು ಹೆಸರಿಗೆ ಸೇರಿಸಿಕೊಂಡು, ಕಾರು ನಿಲ್ಲಿಸುವ ಪಿಟ್‌ನಲ್ಲಿ ಕೂರಿಸುವಂತೆಯೂ ಇಲ್ಲ. ಇಂತಿಷ್ಟು ಹೊತ್ತು ಅವನು ಓಡಿಸಲೇಬೇಕು. ಮತ್ತೊಂದು ಕಡೆಯಿಂದಲೂ ಬಿಗಿ ಇದೆ: ಯಾವ ಚಾಲಕನೂ ಯಾವುದೇ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಇಡೀ ರೇಸ್‌ನಲ್ಲಿ ಹದಿನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ವೃತ್ತಿಪರ ಎಷ್ಟೇ ಗಟ್ಟಿಗನಾಗಿರಲಿ, ಕೀಲಿಕೈಯನ್ನು ಹವ್ಯಾಸಿಯ ಕೈಗೆ ಕೊಡಲೇಬೇಕು.

ಸರಿ, ಈ ಬಾಗಿಲಲ್ಲಿ ನುಗ್ಗಿದವರು ಯಾರು? ಬೆನ್ ಕೀಟಿಂಗ್ ಅವರ ಕಥೆ ಕೇಳಿದರೆ ಮೂಗಿನ ಮೇಲೆ ಬೆರಳಿಡುತ್ತೀರಿ. ಕೀಟಿಂಗ್ ಅಮೆರಿಕದ ಟೆಕ್ಸಾಸ್‌ನಲ್ಲಿ ಹಲವು ಕಾರ್ ಶೋರೂಂಗಳ ಒಡೆಯ. ಕಾರು ಮಾರುವುದು ಕಸುಬು, ಓಡಿಸುವುದಲ್ಲ. ಸುಮಾರು ಎರಡು ದಶಕದ ಹಿಂದೆ ಹೆಂಡತಿ ಕ್ರಿಸ್ಮಸ್ ಉಡುಗೊರೆಯಾಗಿ ಅವರಿಗೊಂದು ಟ್ರ್ಯಾಕ್ ಡೇ ಕೊಡಿಸಿದರು. ಟ್ರ್ಯಾಕ್ ಡೇ ಎಂದರೆ ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಮನಸಾರೆ ಓಡಿಸಿಕೊಂಡು ಬರುವ ದಿನ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಎಷ್ಟೋ ಜನ ಒಮ್ಮೆ ಹೋಗಿ, ಫೋಟೊ ತೆಗೆಸಿಕೊಂಡು ಮರೆತುಬಿಡುತ್ತಾರೆ. ಕೀಟಿಂಗ್ ಮರೆಯಲಿಲ್ಲ! ಟ್ರ್ಯಾಕ್ ಡೇಯಿಂದ ಕ್ಲಬ್ ರೇಸ್, ಅಲ್ಲಿಂದ ಅಮೆರಿಕದ ದೊಡ್ಡ ಸರಣಿ. ನಲವತ್ತು ದಾಟಿದ ಮೇಲೆ, 2015ರಲ್ಲಿ, ಡಾಡ್ಜ್ ವೈಪರ್ ಕಾರಿನೊಂದಿಗೆ ಅಟ್ಲಾಂಟಿಕ್ ದಾಟಿ ಲೆ ಮಾನ್‌ಗೇ ಬಂದಿಳಿದರು.

ಅಲ್ಲಿ ಏನೇನು ಎದುರಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಟ್ರ್ಯಾಕಿನ ಒಂದಷ್ಟು ಭಾಗ ಉಳಿದ ದಿನಗಳಲ್ಲಿ ಲಾರಿ, ಬಸ್ಸು ಓಡಾಡುವ ಸಾರ್ವಜನಿಕ ರಸ್ತೆ. ಕಗ್ಗತ್ತಲ ರಾತ್ರಿ, ಜಿಟಿ ಕಾರಿನ ಚಾಲಕ ತನ್ನ ಪಾಡಿಗೆ ತಾನು ಶರವೇಗದಲ್ಲಿದ್ದಾನೆ. ಹಿಂದಿನಿಂದ, ಅದೇ ರೇಸ್‌ನ ಅತಿ ವೇಗದ ವಿಭಾಗದ ಹೈಪರ್‌ಕಾರ್ ಗಂಟೆಗೆ 300 ಕಿಲೋಮೀಟರು ಮೀರಿ ಎರಗಿ ಬರುತ್ತದೆ. ಅದಕ್ಕೆ ದಾರಿಯನ್ನೂ ಬಿಡಬೇಕು, ತನ್ನ ಗೆರೆಯನ್ನೂ ಬಿಡಬಾರದು! ಗಾಬರಿಯಾಗಿ ಪಕ್ಕಕ್ಕೆ ಸರಿದರೆ ಇಬ್ಬರ ಕಥೆಯೂ ಮುಗಿಯಿತು. ಕಾರ್ವೆಟ್ ತಂಡದವರು ಇದಕ್ಕೆಂದೇ ಕಾರಿನ ಹಿಂಬದಿಗೆ ರೇಡಾರ್ ಕೂರಿಸಿದ್ದಾರೆ. ಚಾಲಕನ ಮುಂದಿನ ಪುಟ್ಟ ಪರದೆಯಲ್ಲಿ, ಹಿಂದೆ ಬರುವ ಕಾರಿನ ಮೇಲೆ ಬಣ್ಣದ ಬಾಣದ ಗುರುತು ಮೂಡುತ್ತದೆ. ಅದು ಎಷ್ಟು ಬಿರುಸಿನಲ್ಲಿ ಹತ್ತಿರವಾಗುತ್ತಿದೆ, ಯಾವ ಪಕ್ಕದಿಂದ ದಾಟುತ್ತಿದೆ ಎಂಬುದನ್ನು ಅದೇ ಹೇಳುತ್ತದೆ. ಹವ್ಯಾಸಿಯ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಆ ಬಾಣದ ಮೇಲೆ.

ಇನ್ನು ಪಿಟ್! ಕಾರು ನಿಲ್ಲುತ್ತಿದ್ದಂತೆ ಬಾಗಿಲು ತೆರೆಯುತ್ತದೆ. ಒಳಗಿದ್ದವನು ಬೆಲ್ಟ್ ಕಳಚಿ, ರೇಡಿಯೊ ವೈರು, ನೀರಿನ ಕೊಳವೆ ಕಿತ್ತು, ತನ್ನ ಮೈಅಳತೆಗೆ ಮಾಡಿಸಿದ ಸೀಟಿನ ಮೆತ್ತೆಯನ್ನು ಎಳೆದುಕೊಂಡು ಹೊರಗೆ ಜಿಗಿಯುತ್ತಾನೆ. ಮುಂದಿನವನು ತನ್ನ ಮೆತ್ತೆ ಹಾಕಿ ಒಳಗೆ ತೂರುತ್ತಾನೆ. ಇಳಿದವನೇ ಬಗ್ಗಿ ಅವನ ಬೆಲ್ಟ್ ಬಿಗಿದುಕೊಡುತ್ತಾನೆ. ಇಷ್ಟೆಲ್ಲ ಆಗುವುದು ಪೆಟ್ರೋಲ್ ತುಂಬುವಷ್ಟರಲ್ಲಿ. ಒಂದು ಕೊಕ್ಕೆ ತಡವಾಗಿ ಸಿಕ್ಕಿಕೊಂಡರೂ ಹತ್ತಾರು ಸುತ್ತು ಬೆವರು ಹರಿಸಿ ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ಈ ರೇಸ್ ಎಷ್ಟು ನಿಷ್ಠುರ ಎಂದು ಕೀಟಿಂಗ್ ಅವರಿಗೆ ಮನದಟ್ಟಾದದ್ದು 2019ರಲ್ಲಿ. ತಮ್ಮದೇ ತಂಡದ ಫೋರ್ಡ್ ಜಿಟಿ ಕಾರಿನಲ್ಲಿ ಯೆರೂನ್ ಬ್ಲೇಕೆಮೋಲೆನ್, ಫೆಲಿಪೆ ಫ್ರಾಗಾ ಜೊತೆಗೂಡಿ ವಿಭಾಗದಲ್ಲಿ ಮೊದಲಿಗರಾದರು. ವೇದಿಕೆ ಹತ್ತಿದ್ದೂ ಆಯಿತು, ಟ್ರೋಫಿ ಎತ್ತಿದ್ದೂ ಆಯಿತು. ಆಮೇಲೆ ಶುರುವಾಯಿತು ತಪಾಸಣೆ. ಇಂಧನ ತುಂಬಲು ಕನಿಷ್ಠ 45 ಸೆಕೆಂಡು ಹಿಡಿಯಬೇಕಿತ್ತು; ಅವರ ಕಾರಿಗೆ 44.4 ಸೆಕೆಂಡು ಹಿಡಿದಿತ್ತು. ಟ್ಯಾಂಕ್‌ನಲ್ಲಿ 96 ಲೀಟರ್ ಮೀರಬಾರದಿತ್ತು, ಅಳೆದರೆ 96.1! ಅರ್ಧ ಲೋಟ ಕಾಫಿಯಷ್ಟು ಹೆಚ್ಚುವರಿ ಜಾಗಕ್ಕೆ ಇಪ್ಪತ್ನಾಲ್ಕು ಗಂಟೆಯ ಗೆಲುವೇ ರದ್ದು. ಎರಡನೇ ಸ್ಥಾನದ ಪೋರ್ಷೆ ತಂಡ ವಿಜೇತವಾಯಿತು.

ಬೇರೆ ಯಾರಾದರೂ ಶೋರೂಮಿಗೆ ವಾಪಸಾಗುತ್ತಿದ್ದರೇನೋ. ಕೀಟಿಂಗ್ ಮತ್ತೆ ಬಂದರು. 2022ರಲ್ಲಿ ಟಿಎಫ್ ಸ್ಪೋರ್ಟ್‌ನ ಆಸ್ಟನ್ ಮಾರ್ಟಿನ್‌ನಲ್ಲಿ ಮಾರ್ಕೊ ಸೋರೆನ್ಸನ್, ಹೆನ್ರಿಕ್ ಶಾವೆಸ್ ಜೊತೆ ಅದೇ ವಿಭಾಗ ಗೆದ್ದರು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ. 2023ರ ಶತಮಾನೋತ್ಸವದ ರೇಸ್‌ನಲ್ಲಿ ಅವರ ಕಾರ್ವೆಟ್ ಆರಂಭದಲ್ಲೇ ಕೆಟ್ಟು ಎರಡು ಸುತ್ತು ಹಿಂದೆ ಬಿತ್ತು. ಎರಡು ಸುತ್ತು ಅಂದರೆ 27 ಕಿಲೋಮೀಟರು! ಕೀಟಿಂಗ್, ನಿಕಿ ಕ್ಯಾಟ್ಸ್‌ಬರ್ಗ್, ನಿಕೊ ವರೋನೆ ಮೂವರೂ ಸೇರಿ ಅಷ್ಟನ್ನೂ ಮರಳಿ ಗಳಿಸಿ ಗೆದ್ದೇಬಿಟ್ಟರು. ಎರಡೂ ವರ್ಷ ತಮ್ಮ ವಿಭಾಗದ ವಿಶ್ವ ಚಾಂಪಿಯನ್‌ಶಿಪ್ ಪ್ರಶಸ್ತಿಯೂ ಕೀಟಿಂಗ್ ಅವರದೇ. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಈ ಕಥೆಯ ಒಳಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. ಬೇರೆ ಬೇರೆ ತಂಡಗಳ ವೃತ್ತಿಪರರು ಹೆಚ್ಚುಕಡಿಮೆ ಒಂದೇ ವೇಗದವರು. ಅವರ ನಡುವಿನ ಅಂತರ ಸೆಕೆಂಡಿನ ಚೂರುಗಳಲ್ಲಿ. ಹವ್ಯಾಸಿಗಳ ನಡುವೆ ಹಾಗಲ್ಲ, ಅಲ್ಲಿ ಸೆಕೆಂಡುಗಳೇ ಅಂತರ. ಜಿಟಿ ಕಾರಿಗೆ ಲೆ ಮಾನ್‌ನ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ, ಗಂಟೆಗೆ ಹದಿನೈದು ಸುತ್ತು. ಒಬ್ಬ ಕಂಚಿನವ ಎದುರಾಳಿ ಕಂಚಿನವನಿಗಿಂತ ಸುತ್ತಿಗೆ ಎರಡೇ ಸೆಕೆಂಡು ಚುರುಕಾಗಿದ್ದರೂ ಗಂಟೆಗೆ ಅರ್ಧ ನಿಮಿಷದ ಲಾಭ! ಹಾಗಾಗಿ ಗೆಲುವನ್ನು ತೀರ್ಮಾನಿಸುವವನು ತಂಡದ ಅತಿ ವೇಗಿಯಲ್ಲ, ಅತಿ ನಿಧಾನಿ. ಎಷ್ಟೋ ತಂಡಗಳಲ್ಲಿ ಕಾರಿನ ಖರ್ಚು ನಿಭಾಯಿಸುವವನೂ ಅವನೇ. ಇದು ಹಣವಂತರ ಆಟ, ಮುಚ್ಚಿಡುವುದೇನಿಲ್ಲ. ಆದರೆ ಹಣ ಸೀಟು ಕೊಡಿಸೀತು, ಆ ಎರಡು ಸೆಕೆಂಡನ್ನು ಕೊಡಿಸದು.

ಹಣದ ಗೋಡೆಯನ್ನೂ ಹಾರಿದವರಿದ್ದಾರೆ ಎಂದರೆ ನಂಬುತ್ತೀರಾ? ನಿಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ನಡೆಸಿದ ಜಿಟಿ ಅಕಾಡೆಮಿಯಲ್ಲಿ ವಿಡಿಯೊ ಗೇಮ್ ಆಡಿ ಗೆದ್ದವರಿಗೆ ನಿಜವಾದ ರೇಸ್ ಕಾರು ಸಿಗುತ್ತಿತ್ತು! 2008ರ ಮೊದಲ ವಿಜೇತ ಸ್ಪೇನ್‌ನ ಎಂಬಿಎ ವಿದ್ಯಾರ್ಥಿ ಲೂಕಸ್ ಓರ್ಡೊನೆಸ್. 2011ರ ಲೆ ಮಾನ್‌ನಲ್ಲಿ ಅವರ ಕಾರು ಎಲ್‌ಎಂಪಿ2 ಎಂಬ ಇನ್ನೊಂದು ವಿಭಾಗದಲ್ಲಿ ಎರಡನೆಯದು. 2011ರಲ್ಲಿ ಅಕಾಡೆಮಿ ಗೆದ್ದ ಕಾರ್ಡಿಫ್‌ನ ಹುಡುಗ ಯಾನ್ ಮಾರ್ಡೆನ್‌ಬರೋ 2013ರಲ್ಲಿ ಓರ್ಡೊನೆಸ್ ಜೊತೆಗೇ ಓಡಿಸಿ ಅದೇ ವಿಭಾಗದಲ್ಲಿ ಮೂರನೆಯವರಾದರು.

ನಮ್ಮವರ ಹೆಜ್ಜೆಯೂ ಈ ಹಾದಿಯಲ್ಲಿ ಮೂಡಿದೆ. 2012ರಲ್ಲಿ ಕರುಣ್ ಚಾಂಧೋಕ್ ಲೆ ಮಾನ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಒಟ್ಟಾರೆ ಆರನೇ ಸ್ಥಾನ. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಓಡಿಸಿದರು. ಇವರಿಬ್ಬರೂ ವೃತ್ತಿಪರರು. ಆದರೆ 2021ರಲ್ಲಿ ಏಷ್ಯನ್ ಲೆ ಮಾನ್ ಸರಣಿಗಿಳಿದ ರೇಸಿಂಗ್ ಟೀಮ್ ಇಂಡಿಯಾದಲ್ಲಿ ನರೇನ್ ಕಾರ್ತಿಕೇಯನ್, ಮೈನಿ ಜೊತೆ ಮೂರನೇ ಸೀಟಿನಲ್ಲಿದ್ದವರು ನವೀನ್ ರಾವ್ ಎಂಬ ಹವ್ಯಾಸಿ.

ಬೆಂಗಳೂರಿನಿಂದ ಬೆಳಗಿನ ಜಾವ ಹೊಸೂರು ದಾಟಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ, ಚೆನ್ನೈ ಬಳಿಯ ಇರುಂಗಾಟುಕೋಟೈಗೆ ಕಾರು ಓಡಿಸಿಕೊಂಡು ಹೋಗುವ ಗೆಳೆಯರೇ, ನಿಮ್ಮ ಖಯಾಲಿಯನ್ನು ಮನೆಯವರು ದುಂದು ಎನ್ನಬಹುದು, ಆಫೀಸಿನವರು ಹುಚ್ಚು ಎನ್ನಬಹುದು. ಅನ್ನಲಿ ಬಿಡಿ. ವೇಗವನ್ನು ಊರ ರಸ್ತೆಯಲ್ಲಿ ತೋರಿಸಬೇಡಿ, ಟ್ರ್ಯಾಕಿಗೇ ಹೋಗಿ. ಒಳ್ಳೆಯ ತರಬೇತುದಾರನನ್ನು ಹುಡುಕಿ, ಲೈಸೆನ್ಸ್ ಮಾಡಿಸಿ, ಸುತ್ತಿನ ಸಮಯ ಬರೆದಿಟ್ಟುಕೊಳ್ಳಿ. ವಯಸ್ಸು ಮೀರಿತು ಎಂದು ಮಾತ್ರ ಹೇಳಬೇಡಿ. ತಡವಾಗಿ ಬಂದವರಿಗೆಂದೇ ಲೆ ಮಾನ್‌ನ ಪ್ರತಿ ಜಿಟಿ ಕಾರಿನಲ್ಲೂ ಒಂದು ಸೀಟು ಮೀಸಲಿದೆ.