ಹಳೆಯ ಜೀಪಿನ ಚುಕ್ಕಾಣಿ

ಮಲೆನಾಡಿನ ಕಾಫಿ ತೋಟವೊಂದರಲ್ಲಿ ನಮ್ಮ ಮಿತ್ರರೊಬ್ಬರು ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದಾರೆ. ಒಮ್ಮೆ ಅದರ ಸ್ಟಿಯರಿಂಗ್ ಚಕ್ರವು ಬಹಳ ಸಡಿಲವಾಯಿತು. ಮೂರು ನಾಲ್ಕು ಬೆರಳಿನ ಅಗಲದಷ್ಟು ತಿರುಗಿಸಿದರೂ ಮುಂದಿನ ಗಾಲಿಗಳು ಕದಲುತ್ತಿರಲಿಲ್ಲ. ಯಾರೋ ಹೇಳಿದರೆಂದು ಮಿತ್ರರು ಸ್ಟಿಯರಿಂಗ್ ಪೆಟ್ಟಿಗೆಯ ಪಕ್ಕದಲ್ಲಿರುವ ತಿರುಪನ್ನು ಬಲವಾಗಿ ಬಿಗಿದರು. ಸಡಿಲವೇನೋ ಹೋಗಲಿಲ್ಲ, ಹೊಸದೊಂದು ಆಪತ್ತು ಬಂದಿತು. ತಿರುವನ್ನು ದಾಟಿದೊಡನೆ ತಾನಾಗಿಯೇ ನೇರಕ್ಕೆ ಬರಬೇಕಾದ ಚಕ್ರವು ತಿರುಗಿದಲ್ಲಿಯೇ ನಿಂತು, ಜೀಪು ರಸ್ತೆಯಂಚಿನ ಚರಂಡಿಯ ಕಡೆಗೆ ಹೊರಟಿತು. ವೇಗ ಕಡಿಮೆಯಿದ್ದುದರಿಂದ ಅನಾಹುತವಾಗಲಿಲ್ಲ. ಒಂದು ಪುಟ್ಟ ತಿರುಪು ಇಷ್ಟು ತೊಂದರೆಯನ್ನು ಹೇಗೆ ತಂದಿತು? ಇದನ್ನು ತಿಳಿಯಬೇಕಾದರೆ ಪೆಟ್ಟಿಗೆಯ ಒಳಗಿನ ರಚನೆಯನ್ನು ಅರಿಯಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಕಂಪನಿಯು ಸೈನ್ಯಕ್ಕಾಗಿ ಜೀಪುಗಳನ್ನು ತಯಾರಿಸಿತು. ೧೯೪೦ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿಯೂ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಆ ಕಾಲದ ಜೀಪುಗಳಲ್ಲಿದ್ದುದು ರಾಸ್ ಎಂಬ ಹೆಸರಿನ 'ಕ್ಯಾಮ್ ಮತ್ತು ಸನ್ನೆ'ಯ ಪೆಟ್ಟಿಗೆ. ಸ್ಟಿಯರಿಂಗ್ ದಂಡದ ಕೆಳತುದಿಯಲ್ಲಿ ಉರುಳೆಯಂತಹ ಒಂದು ಕ್ಯಾಮ್ ಇದೆ. ಅದರ ಮೈಮೇಲೆ ತಿರುಪಿನ ಸುತ್ತಿನಂತೆ ಗಾಡಿಯನ್ನು ಕೊರೆದಿದ್ದಾರೆ. ಈ ಗಾಡಿಯೊಳಗೆ, ತುದಿ ಕಿರಿದಾದ ಎರಡು ಗೂಟಗಳು ಕುಳಿತಿವೆ. ಗೂಟಗಳು ಒಂದು ಸನ್ನೆಗೆ ಸೇರಿವೆ. ಸನ್ನೆಯ ದಂಡವು ಪೆಟ್ಟಿಗೆಯಿಂದ ಹೊರಬಂದು 'ಡ್ರಾಪ್ ಆರ್ಮ್' ಎಂಬ ತೋಳನ್ನು ಆಡಿಸುತ್ತದೆ. ತೋಳಿನ ಚಲನೆಯು ಡ್ರ್ಯಾಗ್ ಲಿಂಕ್ ಎಂಬ ಸರಳಿನ ಮೂಲಕ ಮುಂಭಾಗದ ಮಧ್ಯದಲ್ಲಿರುವ ಬೆಲ್ ಕ್ರ್ಯಾಂಕಿಗೂ, ಅಲ್ಲಿಂದ ಟೈ ರಾಡುಗಳ ಮೂಲಕ ಎರಡು ಗಾಲಿಗಳಿಗೂ ತಲಪುತ್ತದೆ.

ಚಾಲಕನು ಚಕ್ರವನ್ನು ೧೨ ಡಿಗ್ರಿ ತಿರುಗಿಸಿದರೆ, ನೇರ ಸ್ಥಿತಿಯಲ್ಲಿ, ತೋಳು ಸುಮಾರು ೧ ಡಿಗ್ರಿ ತಿರುಗುತ್ತದೆ. ಅಂಚುಗಳಲ್ಲಿ ಈ ಪ್ರಮಾಣ ೧೪ಕ್ಕೆ ೧. ಚಲನೆಯಲ್ಲಿ ಕಳೆದುಕೊಂಡುದನ್ನು ಬಲದಲ್ಲಿ ಪಡೆಯುತ್ತೇವೆ. ಆದುದರಿಂದಲೇ ಬರಿಯ ಕೈಗಳಿಂದ ಭಾರವಾದ ಗಾಡಿಯ ಗಾಲಿಗಳನ್ನು ತಿರುಗಿಸಲು ಸಾಧ್ಯ.

ಈಗ ಸಡಿಲದ ವಿಷಯ. ಚಕ್ರದ ತ್ರಿಜ್ಯ ೨೦ ಸೆಂಟಿಮೀಟರು, ಅದರ ಅಂಚಿನಲ್ಲಿ ೪ ಸೆಂಟಿಮೀಟರು ಸಡಿಲ ಎಂದಿಟ್ಟುಕೊಳ್ಳೋಣ. ಇದು ಸುಮಾರು ಹನ್ನೊಂದೂವರೆ ಡಿಗ್ರಿಯಾಯಿತು. ೧೨ರಿಂದ ಭಾಗಿಸಿದರೆ ತೋಳಿನಲ್ಲಿ ಸುಮಾರು ೧ ಡಿಗ್ರಿ. ಗಾಲಿಯಲ್ಲಿಯೂ ಅಷ್ಟೇ ಎಂದು ಭಾವಿಸೋಣ. ಒಂದು ಡಿಗ್ರಿ ಏನು ಮಹಾ ಎನ್ನಬಹುದು. ಜೀಪಿನ ಎರಡು ಅಚ್ಚುಗಳ ನಡುವಣ ದೂರ ೮೦ ಅಂಗುಲ, ಅಂದರೆ ಸುಮಾರು ೨ ಮೀಟರು. ಗಾಲಿಗಳು ಒಂದು ಡಿಗ್ರಿ ವಾಲಿದರೆ ಗಾಡಿಯು ಸುಮಾರು ೧೧೫ ಮೀಟರು ತ್ರಿಜ್ಯದ ವೃತ್ತದಲ್ಲಿ ಸಾಗುತ್ತದೆ. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ೧೧ ಮೀಟರು ಹೋಗುವ ಜೀಪು, ಅಷ್ಟರೊಳಗೆ ಸುಮಾರು ಅರ್ಧ ಮೀಟರು ಪಕ್ಕಕ್ಕೆ ಸರಿಯುತ್ತದೆ. ಕಿರಿದಾದ ಘಾಟಿ ರಸ್ತೆಯಲ್ಲಿ ಅರ್ಧ ಮೀಟರು ಅಲ್ಪವಲ್ಲ.

ಆದರೆ ಸಡಿಲವು ಪೆಟ್ಟಿಗೆಯಲ್ಲಿಯೇ ಹುಟ್ಟಿತೆಂದು ಮೊದಲೇ ತೀರ್ಮಾನಿಸಬಾರದು. ಚಕ್ರದಿಂದ ಗಾಲಿಯವರೆಗೆ ಹಲವು ಕೀಲುಗಳಿವೆ. ಅವೆಲ್ಲದರ ಸವೆತವೂ ಕೊನೆಗೆ ಚಾಲಕನ ಕೈಯಲ್ಲಿಯೇ ಕೂಡಿ ತೋರುತ್ತದೆ. ಮೊದಲು ಟೈರುಗಳ ಗಾಳಿಯನ್ನು ಪರೀಕ್ಷಿಸಬೇಕು. ಬಳಿಕ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಒಬ್ಬರು ಚಕ್ರವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸುತ್ತಿರಬೇಕು. ಇನ್ನೊಬ್ಬರು ಒಂದೊಂದು ಕೀಲನ್ನೂ ಕ್ರಮವಾಗಿ ನೋಡುತ್ತ ಹೋಗಬೇಕು. ಕೀಲಿನ ಒಂದು ಕಡೆ ಚಲಿಸಿ ಇನ್ನೊಂದು ಕಡೆ ತಡವಾಗಿ ಚಲಿಸಿದರೆ ದೋಷ ಅಲ್ಲಿದೆ. ದಂಡವು ತಿರುಗಿದರೂ ಡ್ರಾಪ್ ಆರ್ಮ್ ಕದಲದಿದ್ದರೆ ಮಾತ್ರ ದೋಷ ಪೆಟ್ಟಿಗೆಯದು. ಪೆಟ್ಟಿಗೆಯೇ ಚಾಸಿಯ ಮೇಲೆ ಅಲುಗಿದರೆ ಅದರ ಬೋಲ್ಟುಗಳನ್ನು ಬಿಗಿಯಬೇಕು. ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಬೇರಿಂಗುಗಳ ಸ್ಥಿತಿ ತಿಳಿಯುತ್ತದೆ. ನಮ್ಮ ಮಿತ್ರರ ಜೀಪಿನಲ್ಲಿ ಸವೆದಿದ್ದುದು ಬೆಲ್ ಕ್ರ್ಯಾಂಕಿನ ಬುಷ್. ಪೆಟ್ಟಿಗೆಯ ತಿರುಪನ್ನು ಎಷ್ಟು ಬಿಗಿದರೂ ಆ ಸಡಿಲ ಹೋಗುವಂತಿರಲಿಲ್ಲ.

ದೋಷವು ಪೆಟ್ಟಿಗೆಯದೇ ಎಂದು ಖಚಿತವಾದರೆ ಮುಂದಿನ ಕೆಲಸ ಎರಡು ಹಂತದ್ದು. ಡ್ರ್ಯಾಗ್ ಲಿಂಕನ್ನು ತೋಳಿನಿಂದ ಬಿಡಿಸಬೇಕು; ಇಲ್ಲವಾದರೆ ಟೈರುಗಳ ಘರ್ಷಣೆಯು ಪೆಟ್ಟಿಗೆಯ ಘರ್ಷಣೆಯನ್ನು ಮರೆಮಾಡುತ್ತದೆ. ಪಕ್ಕದ ತಿರುಪನ್ನು ಸಡಿಲಿಸಿ ಚಕ್ರವನ್ನು ದಂಡದ ನೇರದಲ್ಲಿ ಎಳೆದು ತಳ್ಳಿ ನೋಡಬೇಕು. ಅದು ಮೇಲೆ ಕೆಳಗೆ ಆಡಿದರೆ, ಪೆಟ್ಟಿಗೆಯ ಮೇಲಿನ ಮುಚ್ಚಳದಡಿಯಲ್ಲಿರುವ ತೆಳುವಾದ ಶಿಮ್ ಎಂಬ ಹಾಳೆಗಳಲ್ಲಿ ಒಂದೊಂದನ್ನೇ ತೆಗೆದು ಆಟವನ್ನು ನಿಲ್ಲಿಸಬೇಕು. ಆದರೂ ಚಕ್ರವು ನಿರಾಯಾಸವಾಗಿ ತಿರುಗುತ್ತಿರಬೇಕು. ಇದು ಮೊದಲನೆಯ ಹಂತ.

ಎರಡನೆಯದು ಪಕ್ಕದ ತಿರುಪಿನದು. ಅದನ್ನು ಒಳಕ್ಕೆ ತಿರುಗಿಸಿದಂತೆ ಗೂಟಗಳು ಗಾಡಿಯೊಳಕ್ಕೆ ಹೆಚ್ಚು ಇಳಿಯುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ವಾಹನವು ಬಹುಪಾಲು ನೇರವಾಗಿಯೇ ಓಡುವುದರಿಂದ ಗಾಡಿಯ ಮಧ್ಯಭಾಗವು ಎಲ್ಲಕ್ಕಿಂತ ಹೆಚ್ಚು ಸವೆಯುತ್ತದೆ. ಇದನ್ನು ಮುಂಗಂಡು ನಿರ್ಮಾಪಕರು ನೇರ ಸ್ಥಿತಿಯಲ್ಲಿ ಗೂಟ ಕೂರುವೆಡೆ ಗಾಡಿಯ ಆಳವನ್ನು ಬೇಕೆಂದೇ ಕಡಿಮೆ ಮಾಡಿದ್ದಾರೆ. ಹೀಗಾಗಿ ಗೂಟವು ಮಧ್ಯದಲ್ಲಿ ಬಿಗಿಯಾಗಿಯೂ ಅಂಚುಗಳಲ್ಲಿ ತುಸು ಸಡಿಲವಾಗಿಯೂ ಇರುತ್ತದೆ. ಚಕ್ರವನ್ನು ಒಂದು ಕಡೆಗೆ ತಿರುಗಿಸಿಟ್ಟು ಅಲ್ಲಿಯ ಸಡಿಲವನ್ನು ತೆಗೆಯಹೊರಟರೆ, ಮಧ್ಯಕ್ಕೆ ಬಂದಾಗ ಗೂಟಗಳು ಸಿಕ್ಕಿಕೊಳ್ಳುತ್ತವೆ.

ಆದುದರಿಂದ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ, ಸುತ್ತುಗಳನ್ನು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಬೇಕು. ಇದೇ ಮಧ್ಯ. ತಿರುಪಿನ ಮೇಲಿನ ನಟ್ಟನ್ನು ಸಡಿಲಿಸಿ, ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ತಿರುಗಿಸುತ್ತ ಚಕ್ರವನ್ನು ಮಧ್ಯದ ಮೂಲಕ ಆಡಿಸಿ ನೋಡಬೇಕು. ಮಧ್ಯವನ್ನು ದಾಟುವಾಗ ಮಾತ್ರ ಅತಿ ಲಘುವಾದ ತಡೆ ಕೈಗೆ ತಿಳಿಯಬೇಕು. ಅಲ್ಲಿ ನಿಲ್ಲಿಸಿ, ತಿರುಪು ಕದಲದಂತೆ ನಟ್ಟನ್ನು ಬಿಗಿಯಬೇಕು. ಅಂಚುಗಳಲ್ಲಿ ಬಿಗಿ ತೋರುವಾಗಲೂ ಮಧ್ಯದಲ್ಲಿ ಸಡಿಲ ಉಳಿದಿದ್ದರೆ ಕ್ಯಾಮ್ ಮಿತಿಮೀರಿ ಸವೆದಿದೆಯೆಂದು ಅರ್ಥ. ಅದಕ್ಕೆ ಹೊಸ ಭಾಗವೇ ಮದ್ದು.

ಇನ್ನು ಅತಿಬಿಗಿಯ ಅಪಾಯ. ಬೈಸಿಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಓರೆಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಆ ಅಕ್ಷವನ್ನು ಕೆಳಕ್ಕೆ ಬೆಳೆಸಿದರೆ, ಗಾಲಿಯು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ನೆಲವನ್ನು ಸೇರುತ್ತದೆ. ಹೀಗೆ ಗಾಲಿಯು ಅಕ್ಷದ ಹಿಂದೆ ಎಳೆಯಲ್ಪಡುವುದರಿಂದ, ಪಕ್ಕಕ್ಕೆ ತಿರುಗಿದರೂ ನೇರಕ್ಕೆ ಮರಳುತ್ತದೆ. ಜೀಪಿನ ಗಾಲಿಗಳಲ್ಲಿಯೂ ಇದೇ ಏರ್ಪಾಡು. ಆದರೆ ಗಾಲಿಯ ಕಡೆಯಿಂದ ಬರುವ ಈ ಬಲವು ಪೆಟ್ಟಿಗೆಯೊಳಗಿನ ಘರ್ಷಣೆಯನ್ನು ಮೀರಿಸಬೇಕು. ಗೂಟಗಳನ್ನು ಅತಿಯಾಗಿ ಒತ್ತಿದರೆ ಘರ್ಷಣೆಯೇ ಗೆಲ್ಲುತ್ತದೆ. ಚಕ್ರ ನೇರಕ್ಕೆ ಬರುವುದಿಲ್ಲ. ನಮ್ಮ ಮಿತ್ರರಿಗೆ ಆದುದು ಇದೇ. ಬುಷ್ ಬದಲಾಯಿಸಿ, ತಿರುಪನ್ನು ಮಧ್ಯದಲ್ಲಿ ಸರಿಹೊಂದಿಸಿದ ಬಳಿಕ ಜೀಪು ಮತ್ತೆ ಹೇಳಿದಂತೆ ಕೇಳತೊಡಗಿತು.

ಕೆಲಸ ಮುಗಿದ ಮೇಲೆ ಲಿಂಕನ್ನು ಜೋಡಿಸಿ, ಹೊಸ ಕಾಟರ್ ಪಿನ್ನುಗಳನ್ನು ಹಾಕಿ, ಪೆಟ್ಟಿಗೆಗೆ ತಕ್ಕ ಎಣ್ಣೆಯನ್ನು ತುಂಬಬೇಕು. ನುರಿತ ಮೆಕ್ಯಾನಿಕರೊಬ್ಬರಿಗೆ ತೋರಿಸಿದ ಮೇಲೆ, ಬಯಲಿನಲ್ಲಿ ನಿಧಾನವಾಗಿ ತಿರುಗಿಸಿ, ಹಿಡಿತವನ್ನು ಸಡಿಲಿಸಿ ನೋಡಬೇಕು. ಚಕ್ರವು ತಾನಾಗಿಯೇ ನೇರಕ್ಕೆ ಮರಳಿದರೆ ಮಾತ್ರ ಜೀಪನ್ನು ರಸ್ತೆಗೆ ಇಳಿಸಬಹುದು.