ನಿಮಗಿದು ಗೊತ್ತೇ? ಹೈಸ್ಕೂಲು ಮೈದಾನದಿಂದ ಸಂಬಳದ ಆಟದವರೆಗೆ

ಕಾರ್ಕಳ ತಾಲೂಕಿನ ಬೆಳ್ಮಣ್ಣಿನ ನೆರೆಯ ಊರು ನಂದಳಿಕೆ. 1870ರಲ್ಲಿ ಅಲ್ಲಿ ಹುಟ್ಟಿದ ಮುದ್ದಣ ಕವಿ ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಗೊತ್ತೇ? ಶಾಲೆಯ ವ್ಯಾಯಾಮ ಶಿಕ್ಷಕನದು! ಆ ತರಬೇತಿಗಾಗಿ ಮದರಾಸಿಗೂ ಹೋಗಿಬಂದಿದ್ದರು. ಅವರು ಇಪ್ಪತ್ತೊಂದರ ಹರೆಯದಲ್ಲಿದ್ದಾಗ, 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇನ್ನೊಬ್ಬ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತಿದ್ದ 18 ಹುಡುಗರು, 13 ನಿಯಮ, ಪೀಚ್ ಹಣ್ಣಿನ ಎರಡು ಬುಟ್ಟಿ. ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು.

ರಿಂಗ್ ಏಕೆ ಸರಿಯಾಗಿ 10 ಅಡಿ ಎತ್ತರದಲ್ಲಿದೆ? ಆ ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆ ಅಷ್ಟೇ ಎತ್ತರದಲ್ಲಿತ್ತು, ಬುಟ್ಟಿಯನ್ನು ಅದಕ್ಕೇ ಮೊಳೆ ಹೊಡೆದು ನಿಲ್ಲಿಸಿದರು. ಮಣಿಪಾಲದ ಮರೀನಾ ಒಳಾಂಗಣ ಕ್ರೀಡಾಂಗಣದಲ್ಲೂ ಇಂದಿಗೂ ಅದೇ ಎತ್ತರ.

ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ದಕ್ಷಿಣದ ಶಾಲೆಗಳಿಗೆ ಪಿ.ಟಿ. ಮಾಸ್ಟ್ರುಗಳನ್ನು ತಯಾರು ಮಾಡಿಕೊಟ್ಟ ಮುಖ್ಯ ತಾಣ ಅದು. ಪುಟ್ಟ ಊರಿನ ಮಗುವೊಂದು ಮೈದಾನದಿಂದ ದೊಡ್ಡ ಆಟಕ್ಕೆ ಏರಿದ ಯಾವ ಕಥೆಯನ್ನು ತೆಗೆದುಕೊಂಡರೂ ಮೊದಲ ಪುಟದಲ್ಲಿ ಅಂಥ ಒಬ್ಬರು ಮಾಸ್ಟ್ರು ಇರುತ್ತಾರೆಂದು ನಾನು ನಂಬಿದ್ದೇನೆ.

ಹೈಸ್ಕೂಲು ಮುಗಿಸಿ ನೇರವಾಗಿ ಅಮೆರಿಕದ ಸಂಬಳದ ಬ್ಯಾಸ್ಕೆಟ್‌ಬಾಲ್ ಲೀಗು ಎನ್‌ಬಿಎ ಸೇರಬಹುದೇ? ಒಂದು ಕಾಲಕ್ಕೆ ಸೇರಬಹುದಿತ್ತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಾಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹಾಗೆಯೇ ಹೋದವರು. ಕೋಬಿಗೆ ಆಗ ಹದಿನೇಳೇ ವರ್ಷ, ಕರಾರುಪತ್ರಕ್ಕೆ ತಂದೆತಾಯಿಯೂ ಸಹಿ ಹಾಕಬೇಕಾಯಿತು! ಲೀಗು ಮತ್ತು ಆಟಗಾರರ ಸಂಘದ ನಡುವಿನ 2005ರ ಒಪ್ಪಂದ ಆ ಬಾಗಿಲು ಮುಚ್ಚಿತು. ಈಗ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲು ಮುಗಿದು ಒಂದು ವರ್ಷವೂ ಕಳೆದಿರಬೇಕು.

ಆ ನಿಯಮ ಬಂದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತದೆ, ಹೈಸ್ಕೂಲು ಹಂತದಿಂದಲೇ ಆಯ್ಕೆಯಾದ ಮೊದಲಿಗ ನಮ್ಮವನೇ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಫ್ಲೋರಿಡಾಕ್ಕೆ ಹೋದ. 2015ರ ಡ್ರಾಫ್ಟ್‌ನಲ್ಲಿ, ಎಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ, ಡಲ್ಲಾಸ್ ಮಾವರಿಕ್ಸ್ ತಂಡ ಆತನನ್ನು 52ನೆಯವನಾಗಿ ಆರಿಸಿತು. ಎನ್‌ಬಿಎ ಪಂದ್ಯವೊಂದರಲ್ಲಿ ಆಡುವ ಅವಕಾಶ ಮಾತ್ರ ಸಿಗಲಿಲ್ಲ. ಆದರೂ ಭಾರತೀಯನೊಬ್ಬನ ಹೆಸರು ಆ ಆಯ್ಕೆಪಟ್ಟಿಯಲ್ಲಿ ಬಂದದ್ದು ಅದೇ ಮೊದಲು.

ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಕಬಡ್ಡಿ ಇದೆ, ಬ್ಯಾಸ್ಕೆಟ್‌ಬಾಲ್ ಅಪರೂಪ. ಅಳತೆ ನೋಡಿದರೆ ಕಾರಣ ತಿಳಿಯುತ್ತದೆ. ಮಹಿಳಾ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಬ್ಯಾಸ್ಕೆಟ್‌ಬಾಲಿಗೆ 28 ಮತ್ತು 15 ಮೀಟರ್ ಬೇಕು, ಸಾಲದ್ದಕ್ಕೆ ಚೆಂಡು ಪುಟಿಯಲು ಗಟ್ಟಿ ಸಿಮೆಂಟು ನೆಲ. ಆಟಿಯ ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಚೆಂಡು ಏಳುವುದೇ ಇಲ್ಲ.

ಹಾಗಾಗಿ ಕಾರ್ಕಳ ತಾಲೂಕಿನಿಂದ ಮೇಲೇರಿದ ದೊಡ್ಡ ಹೆಸರು ಕಬಡ್ಡಿಯದು: ಅಜೆಕಾರು ಸಮೀಪದ ಹೆರ್ಮುಂಡೆಯ ಮಮತಾ ಪೂಜಾರಿ. ಹೈಸ್ಕೂಲಿನಲ್ಲಿ ಅವರು ಆಡುತ್ತಿದ್ದದ್ದು ಕಬಡ್ಡಿಯಲ್ಲ, ವಾಲಿಬಾಲ್! ಜೊತೆಗೆ ಗುಂಡೆಸೆತ, ಉದ್ದಜಿಗಿತ. ಕಬಡ್ಡಿ ಹಿಡಿದದ್ದು ಕಾಲೇಜಿನಲ್ಲಿ. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಮೊದಲ ಬಾರಿ ಸೇರಿದ್ದು 2010ರ ಗುವಾಂಗ್‌ಜೌನಲ್ಲಿ, ಅಂದು ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಅವರ ನಾಯಕತ್ವದಲ್ಲೇ ಭಾರತ ಗೆದ್ದಿತು. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಏಷ್ಯನ್ ಚಿನ್ನ, ಅದೇ ಸಾಲಿನ ಅರ್ಜುನ ಪ್ರಶಸ್ತಿ. ಹದಿನಾಲ್ಕಕ್ಕೇ ಒಂದು ಆಟಕ್ಕೆ ಮಕ್ಕಳನ್ನು ಕಟ್ಟಿಹಾಕುವ ತಂದೆತಾಯಂದಿರು ಮಮತಾ ಅವರ ದಾರಿಯನ್ನು ಒಮ್ಮೆ ನೋಡಬೇಕು. ಎಸೆದ ಗುಂಡು, ಹಾರಿದ ಮರಳು ಯಾವುದೂ ವ್ಯರ್ಥವಾಗಲಿಲ್ಲ.

2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಮೂರು ತಂಡಗಳ ಮಹಿಳಾ ಪಂದ್ಯಾವಳಿ ನಡೆಯಿತು. ಫೈನಲ್ಲಿನ ಎರಡೂ ನಾಯಕಿಯರು ಕನ್ನಡತಿಯರು ಎಂಬುದು ಎಷ್ಟು ಜನರಿಗೆ ನೆನಪಿದೆ? ಫೈರ್ ಬರ್ಡ್ಸ್‌ಗೆ ಮಮತಾ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ. ತೇಜಸ್ವಿನಿ ತಂಡ 24-23ರಿಂದ ಗೆದ್ದಿತು. ಅಂಥ ರೋಚಕ ಪಂದ್ಯವಾದರೂ ಆ ಪಂದ್ಯಾವಳಿ ಮರುವರ್ಷ ನಡೆಯಲಿಲ್ಲ. ಗಂಡಸರ ಲೀಗು ಮಾತ್ರ ಬೆಳೆಯುತ್ತ ಹೋಯಿತು. ಈ ಅನ್ಯಾಯ ನನ್ನನ್ನು ಇನ್ನೂ ಕಾಡುತ್ತದೆ.

ಬ್ಯಾಸ್ಕೆಟ್‌ಬಾಲಿನಲ್ಲೂ ಸಂಬಳದ ಲೀಗುಗಳು ಬಂದುಹೋಗಿವೆ. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ನಮ್ಮ ರಾಜಧಾನಿಗೆ ಬೆಂಗಳೂರು ಬೀಸ್ಟ್ ತಂಡವಿತ್ತು, ಲೀಗು 2017ರಾಚೆಗೆ ಬಾಳಲಿಲ್ಲ. ಹಾಗೆಂದು ಆಟಕ್ಕೇನೂ ಕೊರತೆಯಿರಲಿಲ್ಲ: ಅದೇ 2017ರ ಜುಲೈಯಲ್ಲಿ ಬೆಂಗಳೂರಿನಲ್ಲೇ ಭಾರತದ ವನಿತೆಯರು ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು.

ಲೀಗುಗಳು ಬಾಳದಿದ್ದರೆ ಆಟ ನಂಬಿದವರನ್ನು ಸಾಕಿದ್ದು ಯಾರು? ಬ್ಯಾಂಕು ಮತ್ತು ರೈಲ್ವೆ. 1931ರಲ್ಲಿ ಎ.ಬಿ. ಶೆಟ್ಟಿಯವರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕಿಗೆ ಬ್ಯಾಸ್ಕೆಟ್‌ಬಾಲ್ ತಂಡವೂ ಇತ್ತು, ಕಬಡ್ಡಿ ತಂಡವೂ ಇತ್ತು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಹೆರ್ಮುಂಡೆಯ ಮಮತಾ ಅವರಿಗೆ ಕೆಲಸ ಕೊಟ್ಟದ್ದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. ರಾಷ್ಟ್ರೀಯ ಮಹಿಳಾ ಬ್ಯಾಸ್ಕೆಟ್‌ಬಾಲಿನಲ್ಲಿ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಬಾಚಿದ ತಂಡವೂ ರೈಲ್ವೆಯದೇ.