ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟ್

ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್ ನಾನೇ ಕಟ್ಟುತ್ತೇನೆ ಎಂದಾಗ ನಮ್ಮ ಮಾಮು ಮೊದಲು ತಮ್ಮ ಹೆಬ್ಬೆರಳಿನ ಸುಟ್ಟ ಕಲೆ ತೋರಿಸಿದರು. ಅವರು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. "ಅವತ್ತು ಪ್ಲಗ್ ಕಿತ್ತೇ ಕೈ ಹಾಕಿದ್ದೆ ಬೇಟಾ" ಎಂದರು.

ಪ್ಲಗ್ ಕಿತ್ತರೆ ಶಾಕ್ ಎಲ್ಲಿಂದ? ಈ ಆಂಪ್ಲಿಫೈಯರ್ ಒಳಗೆ 300 ವೋಲ್ಟಿಗೂ ಹೆಚ್ಚು ಡಿ.ಸಿ. ಇರುತ್ತದೆ. ಅದನ್ನು ಹಿಡಿದಿಡುವುದು ಕೆಪಾಸಿಟರ್. ನಲ್ಲಿ ನೀರು ನಿಂತರೂ ಮಾಳಿಗೆಯ ಟ್ಯಾಂಕಿನಲ್ಲಿ ನೀರು ಉಳಿದಿರುವ ಹಾಗೆ. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಈ ಚಾರ್ಜ್ ಬಹುಪಾಲು ತಾನೇ ಇಳಿಯುತ್ತದೆ. ವಾಲ್ವ್ ತೆಗೆದಿದ್ದರೆ ಅಥವಾ ಎಲ್ಲೋ ಬೆಸುಗೆ ಬಿಟ್ಟಿದ್ದರೆ ಹಾಗೇ ಕೂತಿರುತ್ತದೆ. ನಮ್ಮಂಥ ಹೊಸಬರ ಬೆಸುಗೆ ಬಿಡುವುದೇ ಹೆಚ್ಚು! ಅದಕ್ಕೇ ಮೊದಲ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೋ ಓಮ್, 2 ವ್ಯಾಟ್ ರೆಸಿಸ್ಟರ್ ಶಾಶ್ವತವಾಗಿ ಹಾಕಬೇಕು. ಅದು ಒಂದು ನಿಮಿಷದೊಳಗೆ ಚಾರ್ಜ್ ಇಳಿಸುತ್ತದೆ. ಆದರೂ ನಂಬಬಾರದು. ಪ್ರತಿ ಸಲ ಮುಟ್ಟುವ ಮೊದಲು ಎಲ್ಲ ಕೆಪಾಸಿಟರ್‌ಗಳನ್ನೂ ಮಲ್ಟಿಮೀಟರ್‌ನಿಂದ ನೋಡಬೇಕು. ಅಳೆಯುವಾಗ ಎಡಗೈ ಜೇಬಿನಲ್ಲಿರಲಿ. ಎರಡೂ ಕೈ ತಾಗಿದರೆ ಕರೆಂಟ್ ಎದೆಯ ಮೂಲಕ ಹಾಯುತ್ತದೆ.

ಮೊದಲ ಸಲಕ್ಕೆ ಫೆಂಡರ್ ಕಂಪನಿಯ ಚಾಂಪ್ 5ಎಫ್1 ಸರ್ಕ್ಯೂಟ್ ಒಳ್ಳೆಯದು. 1950ರ ದಶಕದ್ದು, ಮೂರೇ ವಾಲ್ವ್: 12ಎಎಕ್ಸ್7, 6ವಿ6, 5ವೈ3. ಶಕ್ತಿ ಸುಮಾರು 5 ವ್ಯಾಟ್. ಕಡಿಮೆ ಅನ್ನಿಸಿದರೆ ಪಕ್ಕದ ಮನೆಯವರನ್ನು ಕೇಳಿ. ಮಾಮು ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟ ಇಸಿಸಿ83 ಎರಡಿದ್ದವು. 12ಎಎಕ್ಸ್7ಗೆ ಯುರೋಪಿನಲ್ಲಿ ಅದೇ ಹೆಸರು. ಬೆಂಗಳೂರಿನ ಬಿ.ಇ.ಎಲ್. ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು, ಇವು ಅಲ್ಲಿಯವು.

ಕಾಮರ್ಸ್ ವಿದ್ಯಾರ್ಥಿ ಆದ್ದರಿಂದ ಖರ್ಚಿನ ಪಟ್ಟಿಯನ್ನೂ ಬರೆದೆ. ಹಣ ನುಂಗಿದ್ದು ಎರಡು ಟ್ರಾನ್ಸ್‌ಫಾರ್ಮರ್‌ಗಳು. ಅಲ್ಲಿ ಉಳಿತಾಯ ಮಾಡಬೇಡಿ. ಅಮೆರಿಕದ ನಕ್ಷೆಯಲ್ಲಿ ಸುಮಾರು 120 ವೋಲ್ಟ್ ಲೆಕ್ಕ ಇರುತ್ತದೆ, ನಮಗೆ 230 ವೋಲ್ಟಿನದೇ ಬೇಕು. ಹಳೆಯ ನಕ್ಷೆಯ ಎರಡು ಪಿನ್ ವೈರನ್ನೂ ಬಿಡಿ. ಮೂರು ಪಿನ್ ಹಾಕಿ, ಅರ್ತ್ ವೈರನ್ನು ಲೋಹದ ಚಾಸಿಗೆ ಬಿಗಿಯಾಗಿ ಬೋಲ್ಟ್ ಮಾಡಿ.

ಮೊದಲ ಸಲ ಆನ್ ಮಾಡುವಾಗ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಹಳೇ ಕಾಲದ ಬಲ್ಬ್ ಹಾಕಿ (ಎಲ್.ಇ.ಡಿ. ಆಗದು). ಬಲ್ಬ್ ಮಿಂಚಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ತಕ್ಷಣ ಆಫ್ ಮಾಡಿ. ಸ್ಪೀಕರ್ ಜೋಡಿಸದೆ ಮಾತ್ರ ಆನ್ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಗೊತ್ತಿದ್ದ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ನಾನು ಮಾಮು ಇಲ್ಲದ ದಿನ ಮುಚ್ಚಳ ತೆಗೆಯುವುದಿಲ್ಲ, ಅಮ್ಮಿಗೆ ಮಾತು ಕೊಟ್ಟಿದ್ದೇನೆ.

ಕಳೆದ ಭಾನುವಾರ ನಮ್ಮ ಬಲ್ಬ್ ಮಿಂಚಿ ಮಂಕಾಯಿತು. ಗಿಟಾರ್ ಸದ್ದೂ ಬಂತು, ಜೊತೆಗೆ ಗುಂಯ್ ಎನ್ನುವ ಸದ್ದೂ ಬಂತು. ಹೀಟರಿನ ಎರಡು ವೈರುಗಳನ್ನು ನಾನು ಜಡೆಯ ಹಾಗೆ ಒತ್ತಾಗಿ ಹೊಸೆದಿರಲಿಲ್ಲ. ಈ ಭಾನುವಾರ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದೇವೆ.